ರಿಗೋಪೂಲಾಳ ಹೊಟ್ಟೆಕಿಚ್ಚು

ನನ್ನ ಚಿಕ್ಕಮ್ಮ ರಿಗೋಪೂಲಾಳನ್ನು ಊರಿನವರು ಮನೆಗೆ ಕರೆಯುತ್ತಿದ್ದದ್ದು ಅವಳು ಹೊಟ್ಟೆಕಿಚ್ಚು ಪಡಲಿ ಎಂದು. ಹೊಸ ಆಡು ತಂದವರು, ಗೋಡೆಗೆ ಸುಣ್ಣ ಬಳಿದವರು, ಮಗಳ ಮದುವೆ ಗೊತ್ತುಮಾಡಿದವರು, ಎಲ್ಲರೂ ಮೊದಲು ಅವಳಿಗೆ ಹೇಳಿಕಳಿಸುತ್ತಿದ್ದರು. ಕಿಟಕಿಯ ಪಕ್ಕದ ಒಳ್ಳೆಯ ಕುರ್ಚಿ ಕೊಟ್ಟು, ಸಣ್ಣ ತಟ್ಟೆಯಲ್ಲಿ ಸಕ್ಕರೆಪಾಕದ ಕಿತ್ತಳೆ ಸಿಪ್ಪೆ, ಒಂದು ಲೋಟ ತಣ್ಣೀರು ಇಟ್ಟು, ಆಮೇಲೆ ತೋರಿಸಬೇಕಾದದ್ದನ್ನು ಎದುರಿಗೆ ತರುತ್ತಿದ್ದರು. ಅವಳು ನಕ್ಕು, ಚೆನ್ನಾಗಿದೆ, ದೇವರು ಒಳ್ಳೆಯದು ಮಾಡಲಿ ಎಂದರೆ ಮನೆಯವರ ಮುಖ ಇಳಿಯುತ್ತಿತ್ತು. ಅವಳ ತುಟಿ ತೆಳ್ಳಗಾಗಿ, ಕೈಯಲ್ಲಿದ್ದ ಚಮಚ ತಟ್ಟೆಗೆ ಇಳಿದರೆ ಮನೆಯೊಡತಿ ಗೋಡೆಯತ್ತ ತಿರುಗಿ ಶಿಲುಬೆಯ ಗುರುತು ಮಾಡಿಕೊಳ್ಳುತ್ತಿದ್ದಳು. ಆ ಆಡು ಆ ವರ್ಷ ಅವಳಿ ಮರಿ ಹಾಕುವುದು ಖಾತ್ರಿ.

ನಮ್ಮ ಕಾರ್ಪಥೋಸ್ ದ್ವೀಪದಲ್ಲೂ ಬೇರೆ ಕಡೆಗಳ ಹಾಗೆ ಹೊಟ್ಟೆಕಿಚ್ಚಿನ ಕಣ್ಣು ಬಿದ್ದದ್ದು ಬಾಡುತ್ತದೆ. ಅದಕ್ಕೇ ಮಗುವಿನ ಅಂಗಿಗೆ ನೀಲಿ ಮಣಿ, ಮದುಮಗಳ ಜೇಬಿಗೆ ಬೆಳ್ಳುಳ್ಳಿ. ರಿಗೋಪೂಲಾಳ ಕಣ್ಣು ಮಾತ್ರ ತಿರುಗುಮುರುಗು. ಅವಳು ಕರುಬಿದ್ದು ಚಿಗುರುತ್ತಿತ್ತು. ಇದು ಊರಿಗೆ ತಿಳಿಯಲು ಬಹಳ ಕಾಲ ಬೇಕಾಯಿತು.

ನಮ್ಮ ಮನೆಯಲ್ಲಿ ಒಬ್ಬೊಬ್ಬರಿಗೂ ಒಂದೊಂದು ಇತ್ತು. ತಾತ ಮಿನಾಸ್ ಚಮ್ಮಾರಿಕೆ ಮಾಡುತ್ತಿದ್ದ. ನಮ್ಮ ಹೆಂಗಸರು ಹೊಲಕ್ಕೂ ಹಬ್ಬಕ್ಕೂ ಹಾಕುವ ಎತ್ತರದ ತೊಗಲು ಬೂಟುಗಳನ್ನು ಅವನೇ ಹೊಲಿಯುತ್ತಿದ್ದದ್ದು. ಅವನು ಹೊಲಿದ ಬೂಟಿಗೆ ಮನೆಯ ದಾರಿ ಗೊತ್ತಿರುತ್ತಿತ್ತು. ಕುಡಿದವರು, ಮಂಜಿನಲ್ಲಿ ಸಿಕ್ಕಿಕೊಂಡವರು, ಮುನಿಸಿಕೊಂಡು ಹೊರಟವರು ಎಲ್ಲರೂ ಅದನ್ನು ಹಾಕಿಕೊಂಡಿದ್ದರೆ ಕೊನೆಗೆ ತಮ್ಮ ಬಾಗಿಲಿಗೇ ಬಂದು ನಿಲ್ಲುತ್ತಿದ್ದರು. ಅಜ್ಜಿ ಕಲಿತ್ಸಾ ನಾದಿದ ರೊಟ್ಟಿ ತಿಂದವರಿಗೆ ಅದು ಅರಗುವ ತನಕ ಸುಳ್ಳು ಹೇಳಲು ಬರುತ್ತಿರಲಿಲ್ಲ. ಹೀಗಾಗಿ ಹಬ್ಬ, ಮದುವೆ, ಬೀಗರ ಭೇಟಿಗಳಿಗೆ ನೆರೆಯವರೇ ಬಂದು ಹಿಟ್ಟು ನಾದುತ್ತಿದ್ದರು. ನನ್ನ ಅಮ್ಮ ಸೊಫಿಲ್ಲಾ ಹಿರಿಯ ಮಗಳು. ಅವಳು ಕೂದಲು ಬಿಚ್ಚಿದರೆ ಗಾಳಿ ಏಳುತ್ತಿತ್ತು. ನಮ್ಮ ಬೆಟ್ಟದಲ್ಲಿ ಗಾಳಿಗೆ ಬರವಿಲ್ಲ, ಆದರೂ ಶರತ್ಕಾಲದ ಕೆಲವು ವಾರ ಗಾಳಿಗಿರಣಿಯ ಪಟಗಳು ಜೋಲುಬೀಳುತ್ತವೆ. ಆಗ ಜವೆಗೋಧಿ ಚೀಲ ಹೊತ್ತು ಬಂದವರು ಅವಳನ್ನು ಗಿರಣಿಯ ಮೆಟ್ಟಿಲ ಮೇಲೆ ಕೂರಿಸಿ, ಕೈಗೆ ಬಾಚಣಿಗೆ ಕೊಡುತ್ತಿದ್ದರು.

ಇದನ್ನೆಲ್ಲ ಊರು ಪವಾಡವೆಂದು ಎಣಿಸಲಿಲ್ಲ. ಒಂದು ಮನೆಯ ಬಾವಿಯಲ್ಲಿ ನೀರು ಸಿಹಿ, ಇನ್ನೊಂದು ಮನೆಯವರಿಗೆ ಹಲ್ಲು ಬೇಗ ಉದುರುತ್ತದೆ, ನಮ್ಮ ಮನೆಯಲ್ಲಿ ಹೀಗೆ, ಅಷ್ಟೇ.

ರಿಗೋಪೂಲಾ ಎರಡನೆಯ ಮಗಳು. ನಮ್ಮಲ್ಲಿ ತಾಯಿಯ ಆಸ್ತಿಯೆಲ್ಲ ಮೊದಲ ಮಗಳಿಗೆ. ಮನೆ, ಹೊಲ, ಅಂಗಳದ ಒಲೆ, ಹಬ್ಬದ ದಿನ ಕೊರಳಿಂದ ಎದೆಯವರೆಗೆ ಇಳಿಯುವ ಚಿನ್ನದ ನಾಣ್ಯಗಳ ಪಟ್ಟಿ ಎಲ್ಲವೂ ಅವಳದೇ. ಅವಳನ್ನು ಕನಕಾರಾ ಎನ್ನುತ್ತಾರೆ. ಎರಡನೆಯವಳಿಗೆ ಸಿಗುವುದು ಅಕ್ಕನ ಹೊಲದಲ್ಲಿ ಕೆಲಸ, ಅಕ್ಕನ ಮನೆಯಲ್ಲಿ ಒಂದು ಮೂಲೆ. ಹೊಲಗಳನ್ನು ಹಂಚುತ್ತಾ ಹೋದರೆ ಕೊನೆಗೆ ಕರವಸ್ತ್ರದಷ್ಟು ನೆಲ ಉಳಿಯುತ್ತದೆ ಎಂಬುದು ಹಿರಿಯರ ವಿವರಣೆ. ಅದರಲ್ಲಿ ಅರ್ಥವಿದೆ. ಎರಡನೆಯ ಹೆಣ್ಣುಮಕ್ಕಳು ಅದನ್ನು ಮಳೆ ಬಿಸಿಲಿನ ಹಾಗೆ ಒಪ್ಪಿಕೊಂಡಿದ್ದರು. ರಿಗೋಪೂಲಾ ಒಬ್ಬಳು ಒಪ್ಪಲಿಲ್ಲ.

ಅವಳು ಅಕ್ಕನ ಎಲ್ಲದಕ್ಕೂ ಕರುಬಿದಳು. ಅಕ್ಕನ ತಟ್ಟೆಯ ಬೀನ್ಸ್ ದಪ್ಪ ಕಂಡಿತು. ಅಕ್ಕನಿಗೆ ಬಂದ ಜ್ವರವೂ ತನ್ನದಕ್ಕಿಂತ ಚೆನ್ನಾಗಿದೆ ಅನ್ನಿಸಿತು. ಅಮ್ಮ ಕೂದಲು ಬಾಚುವಾಗ ಬಾಗಿಲಲ್ಲಿ ನಿಂತು ಕಣ್ಣು ಮಿಟುಕಿಸದೆ ನೋಡುತ್ತಿದ್ದಳಂತೆ. ಅಮ್ಮನ ಕೂದಲು ಸೊಂಟ ದಾಟಿ ಬೆಳೆಯಿತು.

ಅಜ್ಜಿಗೆ ದಿಗಿಲು ಹತ್ತಿತು. ಎದುರು ಮನೆಯ ಫೊತಿನಿಯನ್ನು ಕರೆಸಿದಳು. ಫೊತಿನಿ ಊರಿಗೆಲ್ಲ ದೃಷ್ಟಿ ತೆಗೆಯುವವಳು. ತಟ್ಟೆಯ ನೀರಿಗೆ ಎಣ್ಣೆಯ ಹನಿ ಬಿಟ್ಟು, ತುಟಿಯಲ್ಲೇ ಪ್ರಾರ್ಥನೆ ಹೇಳಿ, ಆಕಳಿಸುವಳು. ದೃಷ್ಟಿ ತಾಕಿದ್ದಷ್ಟೂ ಆಕಳಿಕೆ ಹೆಚ್ಚು. ಹನಿ ದುಂಡಗೆ ನಿಂತರೆ ಏನೂ ಇಲ್ಲ, ಒಡೆದು ಹರಡಿದರೆ ಕಣ್ಣು ಬಿದ್ದಿದೆ. ಸೊಫಿಲ್ಲಾಳ ಹೆಸರಿಗೆ ಬಿಟ್ಟ ಹನಿ ಪ್ರತಿ ಸಲವೂ ಹರಡಿತು. ಕಣ್ಣು ಯಾರದೆಂದು ಕೇಳುವ ಅಗತ್ಯವೇ ಇರಲಿಲ್ಲ, ಅದು ಬಾಗಿಲಲ್ಲೇ ನಿಂತಿತ್ತು. ಪರೀಕ್ಷೆ ಸರಿಯಾಗಿಯೇ ಇತ್ತು. ಅದರಿಂದ ಅವರು ಎಳೆದ ತೀರ್ಮಾನ ತಪ್ಪು.

ಆ ತಪ್ಪು ದೊಡ್ಡದಾದದ್ದು ಅಮ್ಮನಿಗೆ ಮದುವೆ ಗೊತ್ತಾದಾಗ. ವರ ನಿಕೀತಾಸ್, ನನ್ನ ಅಪ್ಪ, ಕಲ್ಲು ಕಟ್ಟುವವನು, ಬಿಡುವಿನಲ್ಲಿ ಲೀರಾ ಎಂಬ ಮೂರು ತಂತಿಯ ವಾದ್ಯ ನುಡಿಸುವವನು. ಮದುಮಗಳ ಮೇಲೆ ತಂಗಿಯ ಕಣ್ಣು ಬೀಳದಿರಲಿ ಎಂದು ಅಜ್ಜಿ ರಿಗೋಪೂಲಾಳನ್ನು ಕೆಳಗಿನ ಹೊಲದ ಕಲ್ಲು ಗುಡಿಸಲಿಗೆ ಕಳಿಸಿದಳು. ತಾತ ಹೊಲಿದ ಬೂಟು ಹಾಕಿಕೊಂಡಿದ್ದರೆ ಕಾಲು ತಾನಾಗಿ ಮನೆಗೆ ತಿರುಗುತ್ತದೆ, ಆದ್ದರಿಂದ ಬೂಟು ಬಿಚ್ಚಿಸಿಕೊಂಡೇ ಕಳಿಸಿದಳು. ಹುಡುಗಿ ಬರಿಗಾಲಲ್ಲಿ ಬೆಟ್ಟ ಇಳಿದಳು. ಹಿಂತಿರುಗಿ ನೋಡಲಿಲ್ಲ. ನೋಡಿದ್ದರೆ ಅದಕ್ಕೂ ಬೈಗುಳ ಇತ್ತು.

ಅವಳು ಹೋದ ಮೇಲೆ ಮನೆ ಬಾಡತೊಡಗಿತು. ಬಾಗಿಲ ಬಳಿಯ ದಾಳಿಂಬೆ ಗಿಡ ಹೂವಲ್ಲೇ ಉದುರಿತು. ಹಿಟ್ಟು ಹುಳಿಬರಲಿಲ್ಲ. ಅಮ್ಮನ ಕೂದಲು ಬಾಚಣಿಗೆಗೆ ಕಿತ್ತು ಬಂತು, ಗಿರಣಿಯ ಪಟ ಅಲುಗಲಿಲ್ಲ. ವರನ ತಾಯಿ ಬಂದು, ಅವಸರವೇನು, ಈಸ್ಟರ್ ಕಳೆಯಲಿ ಎಂದು ಕಾಫಿ ಕುಡಿಯದೆ ಎದ್ದುಹೋದಳು. ಅಜ್ಜಿ ಮತ್ತೆ ಫೊತಿನಿಯನ್ನು ಕರೆಸಿದಳು. ಎಣ್ಣೆಯ ಹನಿ ನೀರಿನ ಮೇಲೆ ಮೀನಿನ ಕಣ್ಣಿನಂತೆ ದುಂಡಗೆ ನಿಂತಿತು. ಇನ್ನೊಂದು ಹನಿ, ಅದೂ ದುಂಡಗೆ. ಫೊತಿನಿಗೆ ಆಕಳಿಕೆಯೂ ಬರಲಿಲ್ಲ.

"ಇವಳ ಮೇಲೆ ಯಾರ ಕಣ್ಣೂ ಇಲ್ಲ ಕಲಿತ್ಸಾ," ಎಂದಳು. "ಅದೇ ತೊಂದರೆ ಅನ್ಸುತ್ತೆ."

ಅಜ್ಜಿಗೆ ಅರ್ಥವಾಗಲಿಲ್ಲ. ಮೂಲೆಯಲ್ಲಿ ಅಟ್ಟೆ ಹೊಲಿಯುತ್ತಿದ್ದ ತಾತನಿಗೆ ಆಯಿತು. ಮಾತು ಕಡಿಮೆಯ ಮನುಷ್ಯ. ದಾರ ಕಚ್ಚಿ ತುಂಡುಮಾಡಿ, ಮಗಳ ಬೂಟುಗಳನ್ನು ಹೆಗಲಿಗೆ ಹಾಕಿಕೊಂಡು ತಾನೇ ಬೆಟ್ಟ ಇಳಿದ. ಗುಡಿಸಲ ಹೊಸ್ತಿಲಲ್ಲಿ ಅವಳೆದುರು ಬೂಟು ಇಟ್ಟು, ಹಾಕ್ಕೋ, ಮನೆಗೆ ನೀನು ಬೇಕು ಎಂದನಂತೆ. ಈ ಮಾತನ್ನು ಚಿಕ್ಕಮ್ಮ ನನಗೆ ಎಷ್ಟೋ ಸಲ ಹೇಳಿದ್ದಾಳೆ. ಪ್ರತಿ ಸಲವೂ ಕೊನೆಗೆ, ಯಾತಕ್ಕೆ ಬೇಕು ಅಂತ ಮಾತ್ರ ಹೇಳಲಿಲ್ಲ ನೋಡು, ಎಂದು ಸೇರಿಸುತ್ತಿದ್ದಳು.

ಯಾತಕ್ಕೆಂಬುದು ಮದುವೆಯ ದಿನ ಎಲ್ಲರಿಗೂ ಗೊತ್ತಾಯಿತು. ನೆರೆಯವರು ನಾದಿದ ಹಿಟ್ಟು ಸಾಲದೆ, ಅಜ್ಜಿ ಗಡಿಬಿಡಿಯಲ್ಲಿ ಒಂದು ಒಲೆಯಷ್ಟು ರೊಟ್ಟಿ ತಾನೇ ನಾದಿಬಿಟ್ಟಳು. ಅದರಲ್ಲೊಂದು ತಂಗಿಯ ಪಾಲಿಗೆ ಬಂತು. ನಮ್ಮಲ್ಲಿ ಊಟವಾದ ಮೇಲೆ ಲೀರಾ ನುಡಿಯುತ್ತಿರುವಾಗ ಒಬ್ಬೊಬ್ಬರೇ ಎರಡು ಸಾಲು ಕಟ್ಟಿ ಮದುಮಗಳನ್ನು ಹೊಗಳಿ ಹಾಡಬೇಕು. ತಂಗಿಯ ಸರದಿ ಬಂದಾಗ ಅವಳು ಮೊದಲ ಸಾಲು ಶುರುಮಾಡಿದಳು. ನಾಲಿಗೆ ಏಳಲಿಲ್ಲ. ಮತ್ತೆ ಶುರುಮಾಡಿದಳು. ಅಪ್ಪ ಕಮಾನು ತಡೆದು ಕಾದ.

"ನಂಗೆ ಇವಳ ಮನೆ ಬೇಕು," ಎಂದಳು ರಿಗೋಪೂಲಾ. "ಕೊರಳಲ್ಲಿರೋ ಚಿನ್ನ ಬೇಕು. ಆ ದಾಳಿಂಬೆ ಗಿಡ ಬೇಕು. ಆ ಕೂದಲು ಬೇಕು. ಈ ಲೀರಾದವನು ಅಂಥಾ ಚೆಲುವನೇನಲ್ಲ, ಆದ್ರೂ ಇವಳಿಗೆ ಸಿಕ್ಕಿದಾನಲ್ಲ, ಅದಕ್ಕೆ ಅವನೂ ಬೇಕು."

ಹೆಂಗಸರೆಲ್ಲ ದೃಷ್ಟಿ ತಾಕದಿರಲೆಂದು ತಮ್ಮ ಎದೆಗೇ ಉಗುಳಿಕೊಂಡರು. ಆಗ ಗಾಳಿ ಬೀಸಿತು. ಅಮ್ಮನ ತಲೆವಸ್ತ್ರ ಹಾರಿಹೋಗಿ, ಮೇಲಿನ ಗಿರಣಿಗಳ ಪಟಗಳು ಪಟಪಟನೆ ತುಂಬಿಕೊಂಡವು. ಬೆಳಗಾದಾಗ ದಾಳಿಂಬೆ ಗಿಡ ಮತ್ತೆ ಹೂಬಿಟ್ಟಿತ್ತು. ಚಿನ್ನದ ಪಟ್ಟಿಯ ನಾಣ್ಯಗಳು ಉಜ್ಜದೆ ಹೊಳೆಯುತ್ತಿದ್ದವು. ಅಪ್ಪ ಕೂಡ ಅಂದಿನಿಂದ ಸ್ವಲ್ಪ ಚೆಲುವಾದ ಎಂದು ಅಮ್ಮ ಹೇಳುತ್ತಿದ್ದಳು. ಅದನ್ನು ಖಚಿತಪಡಿಸಲು ನನ್ನ ಬಳಿ ಹಿಂದಿನ ಫೋಟೋ ಇಲ್ಲ.

ಅಲ್ಲಿಂದ ಮುಂದೆ ಚಿಕ್ಕಮ್ಮನ ಬದುಕು ಇದೇ ಆಯಿತು. ನಮ್ಮ ಮನೆಯ ಕೆಳಗಿನ ಕೋಣೆಯಲ್ಲಿ ಇದ್ದಳು. ಅಕ್ಕನ ಹೊಲದಲ್ಲಿ ಜವೆಗೋಧಿ ಕೊಯ್ದಳು, ಅಕ್ಕನ ಒಲೆಯಲ್ಲಿ ರೊಟ್ಟಿ ಸುಟ್ಟಳು, ಅಕ್ಕನ ಮಗಳಾದ ನನ್ನನ್ನು ಬೆನ್ನಿಗೆ ಕಟ್ಟಿಕೊಂಡು ತಿರುಗಿದಳು. ದಿನಕ್ಕೊಂದು ಕಾರಣ ಹುಡುಕಿ ಹೊಟ್ಟೆ ಉರಿಸಿಕೊಂಡಳು. ಅಮ್ಮ ಅದಕ್ಕೆ ಗೊಬ್ಬರ ಹಾಕುತ್ತಿದ್ದಳು. ಹೊಸ ತಲೆವಸ್ತ್ರ ತಂದರೆ ಮೊದಲು ಕೆಳಗಿನ ಕೋಣೆಗೇ ಇಳಿಯುವಳು.

"ನೋಡೇ ರಿಗೋ, ರೋಡ್ಸ್‌ನಿಂದ ತರಿಸಿದ್ದು. ನಿಂಗಿಲ್ಲ."

"ಹಾಕ್ಕೋ ಹಾಕ್ಕೋ ಕನಕಾರಾ. ಹೇಸರಗತ್ತೆಗೆ ಗಂಟೆ ಕಟ್ಟಿದ ಹಾಗಿದೆ."

ಅಮ್ಮ ನಗುತ್ತಾ ಮೇಲೆ ಬರುವಳು. ಆ ತಲೆವಸ್ತ್ರದ ಬಣ್ಣ ಎಷ್ಟು ಒಗೆದರೂ ಮಾಸುತ್ತಿರಲಿಲ್ಲ.

ನಾನು ಕಾಲೇಜಿನಲ್ಲಿ ವಿಜ್ಞಾನ ಓದುತ್ತಿದ್ದಾಗ, ರಜೆಗೆ ಬಂದು, ಒಂದೇ ಅಳತೆಯ ಎರಡು ಕುಂಡಗಳಲ್ಲಿ ಒಂದೇ ಪೊಟ್ಟಣದ ತುಳಸಿಬೀಜ ಬಿತ್ತಿದೆ. ಮಣ್ಣು, ನೀರು, ಬಿಸಿಲು ಸಮ. ಒಂದನ್ನು ಚಿಕ್ಕಮ್ಮನಿಗೆ ತೋರಿಸಿ ಇದು ನನ್ನದೆಂದೆ. ಇನ್ನೊಂದನ್ನು ಅಮ್ಮನದೆಂದೆ. ಅಮ್ಮನದು ಮೊಳಕಾಲೆತ್ತರ ಬೆಳೆಯಿತು. ನನ್ನದು ಸಾಧಾರಣ. ಆ ಪ್ರಯೋಗದಿಂದ ನನಗೆ ಎರಡು ಸಂಗತಿ ತಿಳಿದವು. ಚಿಕ್ಕಮ್ಮನ ಕಣ್ಣು ನಿಜ. ನನ್ನ ಬಗ್ಗೆ ಅವಳಿಗೆ ಹೊಟ್ಟೆಕಿಚ್ಚಿಲ್ಲ, ಬರೀ ಪ್ರೀತಿ. ಎರಡನೆಯದು ತಿಳಿದು ಒಂದು ದಿನ ಮಂಕಾಗಿಯೇ ಇದ್ದೆ.

ಅವಳಿಗೂ ಒಂದು ಸಂಬಂಧ ಬಂದಿತ್ತು. ಕೆಳಗಿನ ಬಂದರು ದಿಯಫಾನಿಯ ಮೀನುಗಾರ, ಹೆಂಡತಿ ತೀರಿಕೊಂಡವನು, ಮನೆಯಿಲ್ಲದ ಹೆಣ್ಣಾದರೂ ಸರಿ ಎಂದವನು. ಬಂದು ಅಮ್ಮನೊಡನೆ ಮಾತಾಡಿ ಹೋದ. ಆ ಮಾತೆತ್ತಿಕೊಂಡು ಮತ್ತೆ ಬರಲಿಲ್ಲ. ಅವನಿಗೆ ಮನಸ್ಸು ಬದಲಾಯಿತಂತೆ ಎಂದು ಅಮ್ಮ ಹೇಳಿದಳು. ಚಿಕ್ಕಮ್ಮ ಆ ವಾರ ಯಾವುದಕ್ಕೂ ಕರುಬಲಿಲ್ಲ. ನಮ್ಮ ಆಡಿನ ಹಾಲು ಬತ್ತಿತು.

ಅಜ್ಜಿ ತಾತ ತೀರಿಕೊಂಡರು. ಅಪ್ಪನೂ ಹೋದ. ನಾನು ದ್ವೀಪದ ಪಟ್ಟಣದಲ್ಲಿ ಶಾಲಾ ಮಾಸ್ತರಿಕೆಗೆ ಸೇರಿದ್ದೆ. ಮನೆಯಲ್ಲಿ ಅಕ್ಕತಂಗಿಯರಿಬ್ಬರೇ, ಮೇಲೊಬ್ಬಳು, ಕೆಳಗೊಬ್ಬಳು. ಅಂಥ ಒಂದು ಚಳಿಗಾಲ ಅಮ್ಮನ ಎದೆ ಕಟ್ಟಿತು. ಕೆಮ್ಮು ಇಳಿಯಲಿಲ್ಲ, ಜ್ವರ ಬಿಡಲಿಲ್ಲ. ಪಕ್ಕದ ದೊಡ್ಡ ದ್ವೀಪ ರೋಡ್ಸ್‌ನ ಆಸ್ಪತ್ರೆಯಲ್ಲಿಟ್ಟು ನೋಡಿ, ಶ್ವಾಸಕೋಶ ಬಹಳ ಕೆಟ್ಟಿದೆ, ಮಾತ್ರೆ ಕೊಡುತ್ತೇವೆ, ಭರವಸೆ ಕೊಡಲಾರೆವು ಎಂದು ಕಳಿಸಿದರು. ನಾನು ರಜೆ ಹಾಕಿ ಬಂದೆ.

ಮನೆ ಹೊಕ್ಕಾಗ ಮೊದಲು ಕಂಡದ್ದು ದಾಳಿಂಬೆ ಗಿಡ. ಒಂದೂ ಎಲೆಯಿರಲಿಲ್ಲ. ಚಳಿಗಾಲ, ಎಲೆ ಉದುರುವುದು ಸಹಜ ಎಂದು ಹೇಳಿಕೊಂಡೆ. ಆದರೆ ಕೊಂಬೆ ಮುರಿದು ನೋಡಿದರೆ ಒಳಗೆ ಹಸಿರಿರಲಿಲ್ಲ.

ಒಳಗೆ ಚಿಕ್ಕಮ್ಮ ಅಮ್ಮನ ತಲೆ ತೊಳೆಯುತ್ತಿದ್ದಳು. ಬೆಟ್ಟದ ಸೊಪ್ಪು ಕುದಿಸಿ ಆರಿಸಿದ ನೀರು. ಕೂದಲು ಮುಷ್ಟಿಯಷ್ಟೂ ಉಳಿದಿರಲಿಲ್ಲ. ಚಿಕ್ಕಮ್ಮ ಅದನ್ನು ಮಗುವಿನ ತಲೆಯಂತೆ ಒರೆಸಿ, ಅಕ್ಕನ ಬಾಯಿಗೆ ಸಾರು ಹಾಕಿ, ಗಲ್ಲ ಒರೆಸಿದಳು. ಅವಳ ಮುಖದಲ್ಲಿ ಕರುಣೆಯ ಹೊರತು ಏನೂ ಇರಲಿಲ್ಲ. ಅಮ್ಮ ನನ್ನತ್ತ ನೋಡಿದಳು. ಅವಳಿಗೂ ಅದು ಗೊತ್ತಿತ್ತು. ಬದುಕಿಡೀ ತನ್ನನ್ನು ಎತ್ತಿ ಹಿಡಿದಿದ್ದ ಕಣ್ಣು ಈಗ ತನ್ನ ಮೇಲಿಲ್ಲ, ಅದು ಮರಳದಿದ್ದರೆ ತಾನು ಏಳುವುದಿಲ್ಲ.

ಊರಿಗೂ ಗೊತ್ತಾಗಿತ್ತು. ಹೆಂಗಸರು ಬಂದು ರೋಗಿಯನ್ನು ವಿಚಾರಿಸುವ ಬದಲು ಚಿಕ್ಕಮ್ಮನ ತಲೆ ತಿನ್ನುತ್ತಿದ್ದರು. ಅವಳ ಹಾಸಿಗೆ ನೋಡು, ಎಂಥಾ ಕಸೂತಿ ಎಂದೊಬ್ಬಳು. ಮಗಳು ರಜೆ ಹಾಕಿ ಬಂದಿದ್ದಾಳೆ, ನಿನಗೆ ಯಾರು ಬರುತ್ತಾರೆ ಎಂದಿನ್ನೊಬ್ಬಳು. ಪಾದ್ರಿಯ ಹೆಂಡತಿ, ಕರುಬುವುದು ಪಾಪವೇ, ಆದರೆ ಲೆಂಟ್ ಉಪವಾಸ ಶುರುವಾಗಲು ಇನ್ನೂ ಸಮಯವಿದೆ ಎಂದು ತಗ್ಗಿದ ದನಿಯಲ್ಲಿ ಹೇಳಿ ಹೋದಳು. ಚಿಕ್ಕಮ್ಮ ಪ್ರಯತ್ನಿಸಿದಳು. ಚಿನ್ನದ ಪಟ್ಟಿ ಹೊರತೆಗೆದು ಮಡಿಲಲ್ಲಿಟ್ಟುಕೊಂಡು ಕೂತಳು. ಗೋಡೆಯ ಮೇಲಿನ ಬಣ್ಣದ ತಟ್ಟೆಗಳನ್ನು ಒಂದೊಂದಾಗಿ ನೋಡಿದಳು. ಕೊನೆಗೆ ನನ್ನ ಬಳಿ ಬಂದು, ಏನೂ ಬರ್ತಿಲ್ಲ ಕಣೇ, ಎಲ್ಲಾ ಬರೀ ಸಾಮಾನು ಎಂದಳು.

ಅಮ್ಮ ಕೆಣಕಿ ನೋಡಿದಳು. ಉಸಿರು ಸಾಲದೆ ಮಾತು ತುಂಡಾಗುತ್ತಿತ್ತು. ಮೊದಲಿನ ಹಾಗೆ ನಿಂಗಿಲ್ಲ ಎಂದಳು. ಚಿಕ್ಕಮ್ಮ, ಇಲ್ಲ ಅಕ್ಕಾ, ನಂಗಿಲ್ಲ ಎಂದು ಹೊದಿಕೆ ಸರಿಮಾಡಿದಳು. ರಿಗೋಪೂಲಾ ಅವಳನ್ನು ಅಕ್ಕಾ ಎಂದು ಕರೆದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅಮ್ಮ ಗೋಡೆಯತ್ತ ತಿರುಗಿದಳು.

ಮರುದಿನ ಮಧ್ಯಾಹ್ನ ಅಮ್ಮ ನನಗೆ ಮೇಲಿನ ಹಲಗೆಯ ಡಬ್ಬಿ ಇಳಿಸಲು ಹೇಳಿದಳು. ಅದರಲ್ಲಿ ಅಜ್ಜಿಯ ಕೊನೆಯ ಒಲೆಯ ರಸ್ಕು ಒಂದೇ ಒಂದು ಉಳಿದಿತ್ತು. ಎರಡು ಸಲ ಸುಟ್ಟ ಜವೆಗೋಧಿ ರೊಟ್ಟಿ, ಕಲ್ಲಿನಂತೆ ಗಟ್ಟಿ, ವರ್ಷಗಟ್ಟಲೆ ಕೆಡದು. ಅದನ್ನು ತಿನ್ನುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ. ನೀರಲ್ಲಿ ಅದ್ದಿ, ಎಣ್ಣೆ ಸವರಿ, ಎರಡು ಭಾಗ ಮಾಡಿದೆ. ಬೆರಳಿಗೆ ಅಂಟಿದ ಚೂರನ್ನು ಮಾತ್ರ ನೆಕ್ಕದೆ ಬಟ್ಟೆಗೆ ಒರೆಸಿಕೊಂಡೆ.

ಇಬ್ಬರೂ ತಿಂದರು. ಅಮ್ಮನಿಗೆ ನುಂಗಲು ಹೊತ್ತು ಹಿಡಿಯಿತು.

"ದಿಯಫಾನಿಯವನನ್ನ ನಾನೇ ವಾಪಸ್ ಕಳಿಸಿದ್ದು," ಎಂದಳು. "ಅವನು ನಿನ್ನನ್ನ ಬೇಡ ಅನ್ನಲಿಲ್ಲ. ನಿಂಗೆ ಮೂರ್ಛೆರೋಗ ಇದೆ ಅಂತ ನಾನೇ ಹೇಳ್ದೆ. ನೀನು ಹೋದ್ರೆ ನನ್ನ ಮನೆ ಒಣಗುತ್ತೆ ಅಂತ ಭಯ ಇತ್ತು."

ಚಿಕ್ಕಮ್ಮ ತಟ್ಟೆಯನ್ನು ಮಡಿಲಿನಿಂದ ತೆಗೆದು ಪಕ್ಕಕ್ಕಿಟ್ಟಳು. ಅಮ್ಮನನ್ನು ಬಹಳ ಹೊತ್ತು ನೋಡಿದಳು. ಮುಖದ ಕರುಣೆ ಸ್ವಲ್ಪಸ್ವಲ್ಪವಾಗಿ ಹೋಗುತ್ತಿರುವುದು ನನಗೆ ಕಂಡಿತು. ಅದರ ಕೆಳಗಿನಿಂದ ನನಗೆ ಪರಿಚಯವಿದ್ದ ಮುಖ ಮೇಲೆ ಬಂತು.

"ನಂಗೆ ಗೊತ್ತಿತ್ತು," ಎಂದಳು. "ಅವನು ಮೀನು ಮಾರೋಕೆ ಬಂದಾಗ ಮೂರ್ಛೆ ಹೇಗಿದೆ ಅಂತ ಕೇಳಿದ್ದ. ಆದ್ರೂ ಹೋಗಲಿಲ್ಲ. ಯಾಕೆ ಹೋಗಲಿಲ್ಲ ಹೇಳ್ಲಾ? ನಾನು ಹೋದ್ರೆ ನಿನ್ನನ್ನ ನೋಡೋರು ಯಾರು. ನಿನ್ನ ತಲೆಯಿಂದ ಒಂದು ಕೂದಲು ಉದುರಿದ್ರೆ ನಂಗೆ ತಿಳೀತಿತ್ತು. ನಿನ್ನ ತಟ್ಟೇಲಿ ಏನಿದೆ, ನಿನ್ನ ಕೊರಳಲ್ಲಿ ಏನಿದೆ, ನೀನು ನಕ್ಕಿದ್ದು ಯಾತಕ್ಕೆ, ಎಲ್ಲಾ ನಂಗೆ ಗೊತ್ತು. ಗಂಡನಿಗೆ ಗೊತ್ತಿರಲಿಲ್ಲ, ಅಮ್ಮನಿಗೆ ಗೊತ್ತಿರಲಿಲ್ಲ." ಅವಳ ತುಟಿ ತೆಳ್ಳಗಾಯಿತು. "ನಂಗೆ ಅಂಥವರು ಯಾರಿದ್ರು? ನಾನೇನು ಉಟ್ಟೆ, ಏನು ತಿಂದೆ ಅಂತ ಯಾರು ನೋಡಿದ್ರು? ನಿಂಗೆ ನನ್ನಂಥಾ ತಂಗಿ ಸಿಕ್ಕಳು ಸೊಫಿಲ್ಲಾ. ನಂಗೆ ಸಿಗಲಿಲ್ಲ. ಮನೆ ಇಟ್ಕೋ, ಚಿನ್ನ ಇಟ್ಕೋ. ಅದೊಂದು ಮಾತ್ರ ನಂಗೆ ತಡಕೊಳ್ಳೋಕೆ ಆಗಲ್ಲ."

ಅಮ್ಮ ಹಾಸಿಗೆಯ ಮೇಲೆ ಕೈ ಚಾಚಿ ತಂಗಿಯ ಮುಂಗೈ ಹಿಡಿದಳು. ಚಿಕ್ಕಮ್ಮ ಬಿಡಿಸಿಕೊಳ್ಳಲಿಲ್ಲ, ಹಿಡಿಯಲೂ ಇಲ್ಲ. ಉರಿಯುವ ಕಣ್ಣಿನಿಂದ ನೋಡುತ್ತಲೇ ಕೂತಿದ್ದಳು.

ಮುಂದೆ ಆದದ್ದನ್ನು ಆದ ಕ್ರಮದಲ್ಲೇ ಹೇಳುತ್ತೇನೆ. ಮೊದಲು ಚಿಗುರಿದ್ದು ಅಮ್ಮನಲ್ಲ, ಚಿಕ್ಕಮ್ಮ. ಬೆಳಿಗ್ಗೆ ಅವಳು ಮೆಟ್ಟಿಲು ಹತ್ತಿ ಬಂದಾಗ ಮಂಡಿ ಹಿಡಿದುಕೊಂಡಿರಲಿಲ್ಲ. ಬಗ್ಗಿದ್ದ ಬೆನ್ನು ನೆಟ್ಟಗಾಗಿತ್ತು. ಕರುಬಿದ್ದು ಯಾವುದೋ ಅದೇ ಬೆಳೆಯಬೇಕು. ಅವಳು ಕರುಬಿದ್ದು ಅಕ್ಕನಿಗೆ ಸಿಕ್ಕ ತಂಗಿಗೆ, ಅಂದರೆ ತನಗೇ. ಆಮೇಲೆ ಅಮ್ಮನ ಜ್ವರ ಇಳಿಯಿತು. ರೋಡ್ಸ್‌ನ ವೈದ್ಯರು ಆ ವಾರವೇ ಮಾತ್ರೆ ಬದಲಿಸಿದ್ದರು, ಅದನ್ನು ಬಚ್ಚಿಡುವುದಿಲ್ಲ. ಆದರೆ ಅಕ್ಕ ಇಲ್ಲದೆ ತಂಗಿಯೆಂಬುದು ಇರಲು ಸಾಧ್ಯವಿಲ್ಲ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ದಾಳಿಂಬೆ ಗಿಡ ಮಾತ್ರ ಬದುಕಲಿಲ್ಲ. ಈ ಸಲ ಅದು ಬೇಕೆಂದು ಯಾರೂ ಕೇಳಿರಲಿಲ್ಲ.

ವಸಂತ ಬರುವ ಹೊತ್ತಿಗೆ ಅಮ್ಮ ಎದ್ದು ಹೊಸ್ತಿಲಲ್ಲಿ ಕೂರುವಂತಾದಳು. ತಲೆಯ ಮೇಲೆ ಬೆರಳಗಲದ ಕೂದಲು ಬಂದಿತ್ತು. ತಲೆವಸ್ತ್ರ ಬಿಚ್ಚಿದಾಗ ಎದುರು ಮನೆಯ ಒಗೆದ ಬಟ್ಟೆ ತುಸು ಅಲುಗಿತು.

ನಾನು ಪಟ್ಟಣಕ್ಕೆ ಹೊರಡುವ ದಿನ ಚಿಕ್ಕಮ್ಮ ನೆಗಡಿಯಾಗಿ ಕೆಳಗಿನ ಕೋಣೆಯಲ್ಲಿ ಮಲಗಿದ್ದಳು. ಯಾರೂ ವಿಚಾರಿಸಲು ಬಂದಿರಲಿಲ್ಲ. ಅಮ್ಮ ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿದು, ಅವಳಿಗೆ ಸಾರು ತಂದಳು. ಮಂಚದ ಅಂಚಿನಲ್ಲಿ ಕೂತು ಬಟ್ಟಲು, ಚಮಚ ಕೈಗಿತ್ತಳು. ಚಿಕ್ಕಮ್ಮ ಒಂದು ಗುಟುಕು ಕುಡಿದಳು.

"ಇದು ನೆಗಡಿ ಅಷ್ಟೇ ರಿಗೋ," ಎಂದಳು ಅಮ್ಮ. "ನಂಗೆ ಬಂದಿದ್ದು ಕಾಯಿಲೆ ಅಂದ್ರೆ ಕಾಯಿಲೆ. ಊರಿಗೂರೇ ಬಂದು ನೋಡ್ಕೊಂಡು ಹೋಯ್ತು. ಪಾದ್ರಿ ಹೆಂಡತಿನೂ ಬಂದಿದ್ಲು."

ಚಿಕ್ಕಮ್ಮನ ತುಟಿ ತೆಳ್ಳಗಾಯಿತು. ಅವಳು ಚಮಚ ಕೆಳಗಿಟ್ಟಳು.